ಕೋವಿಡ್‌ಗೆ ತಂದ ಯಂತ್ರ ನನ್ನ ತಂಗಿಯ ರಕ್ತವನ್ನೂ ಓದಬಲ್ಲದು: ಆರೋಗ್ಯ ಸಚಿವರಿಗೆ ಹಾಸನದಿಂದ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ನನ್ನದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ತೆಂಗಿನ ತೋಟ, ರಾಗಿ ಹೊಲ, ಮಳೆ ಬಂದ ವರ್ಷ ತುಂಬುವ ಒಂದು ಕೆರೆ. ಓದಿದ್ದು ಜೀವಶಾಸ್ತ್ರ. ನಮ್ಮ ಮೈಯ ಜೀವಕೋಶಗಳಿಗೆ ಸುದ್ದಿ ಹೇಗೆ ಮುಟ್ಟುತ್ತದೆ, ಆ ಸುದ್ದಿಯ ದಾರಿ ಕೆಟ್ಟಾಗ ಕ್ಯಾನ್ಸರ್ ಹೇಗೆ ಶುರುವಾಗುತ್ತದೆ, ಅದನ್ನು ಯಾವ ಔಷಧಿಯಿಂದ ತಡೆಯಬಹುದು ಅನ್ನುವುದೇ ನನ್ನ ಸಂಶೋಧನೆ. ಇಷ್ಟು ವರ್ಷ ಲ್ಯಾಬ್‌ನಲ್ಲಿ ಕೂತು ಇದನ್ನೇ ಮಾಡಿದೆ. ಆಮೇಲೆ ಅದೇ ಕಾಯಿಲೆ ನಮ್ಮ ಮನೆಗೇ ಬಂತು.

ನಾನು ಕೇಳುವುದು ಒಂದೇ. ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಕೋವಿಡ್ ಪತ್ತೆಗೆ ತಂದು ಸರ್ಕಾರದ ಕೈಯಲ್ಲಿ ಈಗಾಗಲೇ ಇರುವ ಪಿಸಿಆರ್ ಯಂತ್ರಗಳಲ್ಲಿ, ಸಿಎಂಎಲ್ ಎಂಬ ಕ್ಯಾನ್ಸರ್ ರೋಗಿಯ ರಕ್ತದಲ್ಲಿ ಎಷ್ಟು ಉಳಿದಿದೆ ಎಂಬ ಲೆಕ್ಕ ನೋಡುವ ವ್ಯವಸ್ಥೆ ಮಾಡಿ. ಹೊಸ ಕಟ್ಟಡ ಬೇಡ. ಯಾಕೆ ಕೇಳುತ್ತಿದ್ದೇನೆ ಎಂದು ಸ್ವಲ್ಪ ವಿವರವಾಗಿ ಹೇಳಲೇಬೇಕು. ದಯವಿಟ್ಟು ಕೊನೆವರೆಗೂ ಓದಿ.

ನನ್ನ ಚಿಕ್ಕಪ್ಪನ ಮಗಳಿಗೆ ಆಗ 27 ವರ್ಷ. ಮದುವೆಯಾಗಿ ಎರಡು ವರ್ಷ ಆಗಿತ್ತು. ಸುಸ್ತು ಅನ್ನುತ್ತಿದ್ದಳು. ರಾತ್ರಿ ಬೆವರು. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದ ಹಾಗೆ. ಗ್ಯಾಸ್ಟ್ರಿಕ್ ಇರಬೇಕು ಅಂದರು ಎಲ್ಲರೂ. ಕಷಾಯ ಆಯಿತು, ಮಾತ್ರೆ ಆಯಿತು. ಕೊನೆಗೆ ಒಬ್ಬ ಡಾಕ್ಟರು ರಕ್ತ ಬರೆದುಕೊಟ್ಟರು. ಬಿಳಿ ರಕ್ತಕಣ 4 ಸಾವಿರದಿಂದ 11 ಸಾವಿರದೊಳಗೆ ಇರಬೇಕು. ಅವಳಿಗೆ 1 ಲಕ್ಷ 80 ಸಾವಿರ ಇತ್ತು. ಲ್ಯಾಬ್‌ನ ಹುಡುಗ ಯಂತ್ರ ಕೆಟ್ಟಿದೆ ಅಂದುಕೊಂಡು ಇನ್ನೊಮ್ಮೆ ಹಾಕಿದನಂತೆ. ಮತ್ತೆ ಅದೇ ಬಂತು. ಊಟ ಸೇರದಿದ್ದದ್ದು ಗ್ಯಾಸ್ಟ್ರಿಕ್‌ನಿಂದಲ್ಲ, ಎಡಗಡೆ ಪಕ್ಕೆಯ ಕೆಳಗೆ ಗುಲ್ಮ ಊದಿ ಹೊಟ್ಟೆಯನ್ನು ಒತ್ತುತ್ತಿತ್ತು.

ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ, ಅಂದರೆ ಸಿಎಂಎಲ್, ಎಂದು ಗೊತ್ತಾದ ದಿನ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು. "ಎಷ್ಟು ದಿನ ಇರ್ತಾಳೆ, ನಿಜ ಹೇಳು."

"ದಿನಾ ಮಾತ್ರೆ ನುಂಗಿಕೊಂಡು ಮುದುಕಿ ಆಗೋವರೆಗೂ ಇರ್ತಾಳೆ ಚಿಕ್ಕಮ್ಮ" ಅಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಅದರ ಹಿಂದೆ 40 ವರ್ಷಗಳ ವಿಜ್ಞಾನ ಇದೆ.

ಚಿಕ್ಕಂದಿನಲ್ಲಿ ನಮ್ಮೂರ ಕೆರೆಗೆ ಒಬ್ಬರು ನೀರಗಂಟಿ ಇದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಅವರಿಗೆ ಗೊತ್ತು. ಹೊತ್ತಿಗೆ ಸರಿಯಾಗಿ ತೂಬು ಎತ್ತುತ್ತಿದ್ದರು, ಹೊತ್ತಿಗೆ ಸರಿಯಾಗಿ ಇಳಿಸುತ್ತಿದ್ದರು. ಜೀವಕೋಶದಲ್ಲಿ ಕೈನೇಸ್ ಅನ್ನುವ ಪ್ರೋಟೀನ್‌ಗಳದ್ದು ತೂಬು ಎತ್ತುವ ಕೆಲಸ. ಮನುಷ್ಯರಲ್ಲಿ ಇಂಥವು 500ಕ್ಕೂ ಹೆಚ್ಚು ಇವೆ. ಎಟಿಪಿ ಎಂಬ ಇಂಧನದಿಂದ ಫಾಸ್ಫೇಟ್‌ನ ಒಂದು ತುಣುಕು ಕಿತ್ತು ಇನ್ನೊಂದು ಪ್ರೋಟೀನ್‌ಗೆ ಅಂಟಿಸುತ್ತವೆ. ಅಂಟಿದ ಕೂಡಲೇ ಆ ಪ್ರೋಟೀನ್ ಚುರುಕಾಗಿ ಸುದ್ದಿಯನ್ನು ಮುಂದಕ್ಕೆ ದಾಟಿಸುತ್ತದೆ. ಬೆಳೆ, ಎರಡಾಗು, ಇಲ್ಲವೇ ನಿಲ್ಲು ಎಂಬ ಸುದ್ದಿ ಅದು. ಆ ತುಣುಕನ್ನು ಕಿತ್ತುಹಾಕಿ ತೂಬು ಇಳಿಸುವ ಪ್ರೋಟೀನ್‌ಗಳು ಬೇರೆ ಇವೆ. ಎತ್ತುವುದು ಇಳಿಸುವುದು ಎರಡೂ ನಡೆಯುತ್ತಿದ್ದರೆ ಮೈ ಚೆನ್ನಾಗಿರುತ್ತದೆ. ಈ ಏರ್ಪಾಟನ್ನು ಮೊದಲು ಕಂಡುಹಿಡಿದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು.

ಸಿಎಂಎಲ್‌ನಲ್ಲಿ ಏನಾಗುತ್ತದೆ ಅಂದರೆ, ಮೂಳೆ ಮಜ್ಜೆಯ ಒಂದೇ ಒಂದು ಕೋಶದಲ್ಲಿ 9ನೇ ವರ್ಣತಂತುವಿನ (ಜೀನ್‌ಗಳಿರುವ ಎಳೆ) ತುದಿಯೂ 22ನೇ ವರ್ಣತಂತುವಿನ ತುದಿಯೂ ಅದಲು ಬದಲಾಗುತ್ತವೆ. 22ನೆಯದು ಮೋಟಾಗಿ ಕಾಣುವುದನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಗುರುತಿಸಿದರು. ಅದು ಅದಲು ಬದಲು ಎಂದು 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ ಎಂಬ ಮಹಿಳೆ. ಮಕ್ಕಳನ್ನು ಸಾಕುತ್ತಾ ಸಂಶೋಧನೆ ಮಾಡಿದವರು ಅವರು. ಅವರ ಹೆಸರು ಬಂದಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ಈ ಎರಡು ತುಂಡು ಸೇರಿದ ಜಾಗದಲ್ಲಿ ಬಿಸಿಆರ್-ಎಬಿಎಲ್ ಎಂಬ ಹೊಸ ಕೈನೇಸ್ ಹುಟ್ಟುತ್ತದೆ. ಅದಕ್ಕೆ ತೂಬು ಎತ್ತುವುದು ಮಾತ್ರ ಗೊತ್ತು, ಇಳಿಸುವುದು ಗೊತ್ತಿಲ್ಲ. ಹಗಲೂ ರಾತ್ರಿ 'ಬೆಳೆ, ಬೆಳೆ' ಎಂಬ ಸುದ್ದಿ ಹರಿಯುತ್ತಲೇ ಇರುತ್ತದೆ. ಬಿಳಿ ಕಣಗಳು ಲಕ್ಷ ದಾಟುತ್ತವೆ.

ಇಮಾಟಿನಿಬ್ ಎಂಬ ಮಾತ್ರೆ ಇಲ್ಲಿ ಮಾಡುವ ಕೆಲಸ ಸಣ್ಣದು. ಆ ಕೈನೇಸ್‌ನಲ್ಲಿ ಎಟಿಪಿ ಬಂದು ಕೂರುವ ಒಂದು ಗುಳಿ ಇದೆ. ಅಲ್ಲಿ ತಾನು ಹೋಗಿ ಕೂತುಬಿಡುತ್ತದೆ. ಇಂಧನ ಸಿಗದೆ ಕೈನೇಸ್ ಸುಮ್ಮನಾಗುತ್ತದೆ. ಬ್ರಯನ್ ಡ್ರುಕರ್ ಎಂಬ ಡಾಕ್ಟರು 1998ರಲ್ಲಿ ಇದನ್ನು ರೋಗಿಗಳಿಗೆ ಕೊಡಲು ಶುರುಮಾಡಿದರು. ಬೇರೆ ಚಿಕಿತ್ಸೆ ಫಲಿಸದೆ ಬಂದವರಲ್ಲಿ ಸಾಕಷ್ಟು ಪ್ರಮಾಣದ ಮಾತ್ರೆ ಪಡೆದ 54 ಜನರ ಪೈಕಿ 53 ಜನರ ರಕ್ತದ ಎಣಿಕೆ ಸರಿಹೋಯಿತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈ ಮಾತ್ರೆಯಿಂದ ಚಿಕಿತ್ಸೆ ಶುರುಮಾಡಿದವರನ್ನು 10 ವರ್ಷದ ಮೇಲೆ ನೋಡಿದಾಗ ನೂರಕ್ಕೆ 83 ಜನ ಬದುಕಿದ್ದರು. ಅದಕ್ಕೂ ಮೊದಲು ಈ ಕಾಯಿಲೆಯವರು ನಾಲ್ಕೈದು ವರ್ಷ ದಾಟುವುದೇ ಕಷ್ಟವಿತ್ತು.

ಮಾತ್ರೆ ನಮ್ಮ ಜನರ ಕೈಗೆ ಸಿಗುವ ಹಾಗೆ ಆದದ್ದೂ ಸಣ್ಣ ಕಥೆಯಲ್ಲ. ಇದನ್ನು ಮೊದಲು ತಂದ ನೋವಾರ್ಟಿಸ್ ಕಂಪನಿಯ ಮಾತ್ರೆಗೆ ಆಗ ತಿಂಗಳಿಗೆ 1 ಲಕ್ಷ 20 ಸಾವಿರ ರೂಪಾಯಿ ಇತ್ತು. ನಮ್ಮ ದೇಶದ ಕಂಪನಿಗಳು ಮಾಡಿದ್ದಕ್ಕೆ 8ರಿಂದ 10 ಸಾವಿರ ಇತ್ತು. ನೋವಾರ್ಟಿಸ್‌ಗೆ ಪೇಟೆಂಟ್ ಕೊಡಲಾಗದು ಎಂದು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತೀರ್ಪು ಕೊಟ್ಟಿತು. ಆಮೇಲೆ ಬೆಲೆ ಇನ್ನೂ ಇಳಿಯಿತು. ಇವತ್ತು ಆ ಮಾತ್ರೆ ನನ್ನ ತಂಗಿಯ ಊರಿನ ಹತ್ತಿರದ ಪೇಟೆಗೇ ಬರುತ್ತದೆ.

ಮಾತ್ರೆ ಬಂತು ಸ್ವಾಮಿ. ಅದರ ಜೊತೆಗೆ ಬರಬೇಕಾದ ಪರೀಕ್ಷೆ ನಮ್ಮೂರ ಹತ್ತಿರಕ್ಕೆ ಬರಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಮಾತ್ರೆ ಶುರುಮಾಡಿ ಒಂದೆರಡು ತಿಂಗಳಿಗೆ ಮಾಮೂಲಿ ರಕ್ತ ಪರೀಕ್ಷೆ ಸರಿಯಾಗಿಯೇ ಬರುತ್ತದೆ. ರೋಗಿಗೂ ಹುಷಾರಾದ ಹಾಗೇ ಅನ್ನಿಸುತ್ತದೆ. ಆದರೆ ಕೆರೆ ಏರಿಯ ಮೇಲೆ ನಿಂತು ನೋಡಿದರೆ ತೂಬು ಮುಚ್ಚಿದ ಹಾಗೇ ಕಾಣುತ್ತದೆ, ಅಲ್ವಾ? ಸೋರುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಕಾಲುವೆಗೆ ಇಳಿದೇ ನೋಡಬೇಕು. ಹಾಗೆ ಇಳಿದು ನೋಡುವುದೇ ಬಿಸಿಆರ್-ಎಬಿಎಲ್ ಪಿಸಿಆರ್ ಪರೀಕ್ಷೆ. ರಕ್ತದಲ್ಲಿ ಆ ಕೆಟ್ಟ ಜೀನ್‌ನ ಸಂದೇಶ ಎಷ್ಟು ಉಳಿದಿದೆ ಎಂದು ಅದು ಎಣಿಸಿ ಹೇಳುತ್ತದೆ. ಮೂರು ತಿಂಗಳಿಗೆ ಅದು ನೂರಕ್ಕೆ 10ಕ್ಕೆ ಇಳಿಯಬೇಕು. ಆರು ತಿಂಗಳಿಗೆ 1ಕ್ಕೆ. ವರ್ಷಕ್ಕೆ 0.1ಕ್ಕೆ. ಇಳಿಯದಿದ್ದರೆ ಹೆಚ್ಚಾಗಿ ಎರಡರಲ್ಲಿ ಒಂದು. ರೋಗಿ ಮಾತ್ರೆ ಬಿಡುತ್ತಿದ್ದಾರೆ, ಇಲ್ಲವೇ ಕೈನೇಸ್ ತನ್ನ ಗುಳಿಯ ಆಕಾರ ಬದಲಿಸಿಕೊಂಡಿದೆ. ಎರಡನ್ನೂ ಬೇಗ ಹಿಡಿದರೆ ದಾರಿ ಇದೆ. ತಡವಾದರೆ ಕಾಯಿಲೆ ಮುಂದಿನ ಹಂತಕ್ಕೆ ಹೋಗುತ್ತದೆ. ಆಗ ಮಾತ್ರೆಗಳು ಅಷ್ಟು ಕೆಲಸ ಮಾಡುವುದಿಲ್ಲ.

ಅದಕ್ಕೇ ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆ ಆಗಬೇಕು. ನನ್ನ ತಂಗಿ ಮೊದಲ ವರ್ಷ ತಪ್ಪದೆ ಬೆಂಗಳೂರಿಗೆ ಹೋದಳು. ಬೆಳಗಿನ ಜಾವದ ರೈಲು ಹತ್ತಬೇಕು. ಜೊತೆಗೆ ಒಬ್ಬರು ಬೇಕು. ಸಾಲಿನಲ್ಲಿ ನಿಂತು ರಕ್ತ ಕೊಟ್ಟು ವಾಪಸ್ ಬರುವಷ್ಟರಲ್ಲಿ ರಾತ್ರಿ. ರಿಪೋರ್ಟ್ ಹಿಡಿದು ಡಾಕ್ಟರನ್ನು ನೋಡಲು ಇನ್ನೊಂದು ದಿನ. ಎರಡನೇ ವರ್ಷ ಅತ್ತೆಗೆ ಕಾಲು ಮುರಿಯಿತು. ಮನೆಯಲ್ಲಿ ಕೊಬ್ಬರಿ ಸುಲಿಸುವ ಕಾಲ. ತನಗೆ ಏನೂ ತೊಂದರೆ ಇಲ್ಲವಲ್ಲ ಎಂದು ಒಂದು ಸಲ ಬಿಟ್ಟಳು. ಮುಂದಿನ ಸಲ ಹೋದಾಗ ಕೊಟ್ಟ ರಕ್ತ ಕೆಟ್ಟುಹೋಗಿದೆ, ಮತ್ತೆ ಬನ್ನಿ ಎಂದು ಲ್ಯಾಬ್‌ನಿಂದ ಫೋನ್ ಬಂತು. ಎಲ್ಲೋ ತಡವಾಗಿ ಮಾದರಿ ಹಾಳಾಗಿತ್ತು. ಮತ್ತೆ ಹೋಗಲಿಲ್ಲ. ಹೀಗೆ ಒಂಬತ್ತು ತಿಂಗಳು ಕಳೆಯಿತು.

ಆ ಒಂಬತ್ತು ತಿಂಗಳಲ್ಲಿ ಅವಳು ಮಾತ್ರೆಯನ್ನೂ ಬಿಡುತ್ತಿದ್ದಳು ಎಂದು ನಮಗೆ ಗೊತ್ತಾದದ್ದು ಆಮೇಲೆ. ಇಮಾಟಿನಿಬ್ ತೆಗೆದುಕೊಳ್ಳುವ ಎಷ್ಟೋ ಜನರಿಗೆ ಕಣ್ಣಿನ ಸುತ್ತ ಊತ ಬರುತ್ತದೆ. ರಾತ್ರಿ ಕಾಲು ಹಿಡಿದುಕೊಳ್ಳುತ್ತದೆ. ನೆಂಟರ ಮದುವೆಯಲ್ಲಿ ಯಾರೋ "ಏನೇ, ಮುಖ ಹೀಗೆ ಊದಿದೆ, ಅತ್ತುಕೊಂಡು ಬಂದ್ಯಾ?" ಎಂದು ಕೇಳಿದರಂತೆ. ಅವತ್ತಿನಿಂದ ಯಾವುದಾದರೂ ಕಾರ್ಯಕ್ಕೆ ಹೋಗುವ ಮುಂಚೆ ನಾಲ್ಕು ದಿನ ಮಾತ್ರೆ ಬಿಡುತ್ತಿದ್ದಳು. ಇದನ್ನು ಕೇಳಿ ನನಗೆ ಅಳು ಬಂತು. ಅವಳ ಮೇಲೆ ಒಂಚೂರೂ ಸಿಟ್ಟು ಬರಲಿಲ್ಲ. ಲಂಡನ್ನಿನಲ್ಲಿ ನಡೆದ 87 ರೋಗಿಗಳ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ನೂರು ಮಾತ್ರೆಯಲ್ಲಿ 90ಕ್ಕಿಂತ ಜಾಸ್ತಿ ತಪ್ಪದೆ ನುಂಗಿದವರಲ್ಲಿ ನೂರಕ್ಕೆ 94 ಜನರ ಲೆಕ್ಕ 0.1ಕ್ಕಿಂತ ಕೆಳಗೆ ಇಳಿಯಿತು. ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಇಳಿದದ್ದು ನೂರಕ್ಕೆ 28 ಜನರಿಗೆ ಮಾತ್ರ. ಲಂಡನ್ನಿನ ಜನರೂ ಮಾತ್ರೆ ಬಿಡುತ್ತಾರೆ. ಅಲ್ಲಿ ಆ ಸಂಖ್ಯೆ ಬೇಗ ಹೇಳಿಬಿಡುತ್ತದೆ, ಡಾಕ್ಟರು ಕೂರಿಸಿಕೊಂಡು ಮಾತಾಡುತ್ತಾರೆ.

ಒಂಬತ್ತು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದಾಗ 0.08 ಇದ್ದದ್ದು 6 ಆಗಿತ್ತು. ಗುಳಿಯ ಆಕಾರವೂ ಬದಲಾಗಿತ್ತು. ಟಿ315ಐ ಎಂಬ ಬದಲಾವಣೆ ಇದೆ, ಅದಾದರೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವು ಹತ್ತಿರ ಸುಳಿಯಲಾರವು. ಪುಣ್ಯಕ್ಕೆ ಅದಲ್ಲ. ಡಾಸಾಟಿನಿಬ್ ಎಂಬ ಮಾತ್ರೆಗೆ ಬದಲಿಸಿದರು. ಈಗ ಲೆಕ್ಕ ಮತ್ತೆ ಇಳಿದಿದೆ. ಆದರೆ ಆ ನಡುವಿನ ಮೂರು ತಿಂಗಳು ನಮ್ಮ ಚಿಕ್ಕಪ್ಪ ಸರಿಯಾಗಿ ನಿದ್ದೆ ಮಾಡಲಿಲ್ಲ.

ಈಗ ಯಂತ್ರದ ಮಾತಿಗೆ ಬರುತ್ತೇನೆ. 2020ರ ಆರಂಭ ನೆನಪಿದೆಯಾ? ಕೊರೊನಾ ಪರೀಕ್ಷೆಗೆ ಇಡೀ ರಾಜ್ಯದಲ್ಲಿ ಬೆರಳೆಣಿಕೆಯ ಲ್ಯಾಬ್‌ಗಳಿದ್ದವು. ಜಿಲ್ಲೆಗಳಿಂದ ಗಂಟಲು ದ್ರವದ ಮಾದರಿ ಡಬ್ಬಿ ತುಂಬಿ ಹೋಗುತ್ತಿತ್ತು. ಅದೇ ವರ್ಷ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲೇ ಆರ್‌ಟಿ-ಪಿಸಿಆರ್ ಲ್ಯಾಬ್ ಬಂತು. ನಮ್ಮ ಜಿಲ್ಲೆಯ ತಂತ್ರಜ್ಞರು ಕಿಟ್ ತೊಟ್ಟು, ನೀರು ಕುಡಿಯದೆ, ಪಾಳಿಯ ಮೇಲೆ ದುಡಿದರು. ಆ ಲ್ಯಾಬ್‌ನಲ್ಲಿ ಮಾಡಿದ್ದೇನು? ಮಾದರಿಯಿಂದ ಆರ್‌ಎನ್‌ಎ (ಜೀನ್‌ನ ಸಂದೇಶ ಹೊತ್ತ ಅಣು) ತೆಗೆದರು. ಅದನ್ನು ಡಿಎನ್‌ಎ ರೂಪಕ್ಕೆ ತಿರುಗಿಸಿದರು. ಯಂತ್ರದಲ್ಲಿ ಹಾಕಿ ಪಟ್ಟುಪಟ್ಟು ಹೆಚ್ಚಿಸಿ ಎಣಿಸಿದರು. ಬಿಸಿಆರ್-ಎಬಿಎಲ್‌ಗೂ ಮಾಡುವುದು ಇದನ್ನೇ. ಗಂಟಲು ದ್ರವದ ಬದಲು ರಕ್ತ. ವೈರಸ್‌ನ ಆರ್‌ಎನ್‌ಎ ಬದಲು ನಮ್ಮದೇ ಕೋಶದ ಆರ್‌ಎನ್‌ಎ. ಯಂತ್ರಕ್ಕೆ ಎರಡೂ ಒಂದೇ.

ಇನ್ನೊಂದು ಯಂತ್ರವೂ ಇದೆ. ಕ್ಷಯರೋಗ ಪತ್ತೆಗೆ ಜಿಲ್ಲೆ ಜಿಲ್ಲೆಗೂ ಕೊಟ್ಟಿರುವ ಸಿಬಿನಾಟ್. ಕಫದ ಮಾದರಿ ಹಾಕುವ ಕಾರ್ಟ್ರಿಜ್ ತೆಗೆದು ಬೇರೆ ಕಾರ್ಟ್ರಿಜ್ ಹಾಕಿದರೆ ಅದೇ ಯಂತ್ರ ಬಿಸಿಆರ್-ಎಬಿಎಲ್ ಎಣಿಸುತ್ತದೆ. ಎರಡು ಮೂರು ಗಂಟೆಯಲ್ಲಿ ಫಲಿತಾಂಶ. ಬೆಳಿಗ್ಗೆ ರಕ್ತ ಕೊಟ್ಟವರು ಸಂಜೆ ಬಸ್ಸಿಗೆ ಮುಂಚೆ ತಮ್ಮ ಸಂಖ್ಯೆ ತಿಳಿದುಕೊಂಡು ಹೋಗಬಹುದು. ನಮಗಿಂತ ಬಡ ದೇಶಗಳಲ್ಲಿ ಇದು ನಡೆಯುತ್ತಿದೆ.

ರಕ್ತ ದೂರ ಹೋಗದಿರುವುದರಿಂದ ಇನ್ನೊಂದು ಲಾಭ ಇದೆ. ಆರ್‌ಎನ್‌ಎ ಬಹಳ ಬೇಗ ಕೆಡುತ್ತದೆ. ರಕ್ತ ತೆಗೆದ ಒಂದು ದಿನದೊಳಗೆ ಕೆಲಸ ಶುರುವಾದರೆ ಒಳ್ಳೆಯದು. ಕೊಪ್ಪ, ಶೃಂಗೇರಿಯಲ್ಲಿ ತೆಗೆದ ರಕ್ತ ಕೊರಿಯರ್‌ನಲ್ಲಿ ಬೇರೆ ರಾಜ್ಯದ ಲ್ಯಾಬ್‌ವರೆಗೆ ಹೋದರೆ ಸಂಖ್ಯೆ ಎಷ್ಟು ನಂಬಿಕೆಗೆ ಅರ್ಹ, ನೀವೇ ಯೋಚಿಸಿ.

ಯಂತ್ರ ಇದ್ದ ಮಾತ್ರಕ್ಕೆ ಆಯಿತು ಎಂದು ನಾನು ಹೇಳುವುದಿಲ್ಲ. ಒಂದು ಲ್ಯಾಬ್‌ನ 0.1 ಇನ್ನೊಂದು ಲ್ಯಾಬ್‌ನ 0.1 ಆಗಿರಬೇಕು. ಅದಕ್ಕಾಗಿಯೇ ಒಂದು ಅಂತಾರಾಷ್ಟ್ರೀಯ ಅಳತೆ ಇದೆ. ಹಿಮ್ಸ್‌ನ ಲ್ಯಾಬ್ ಆ ಅಳತೆಗೆ ಹೊಂದಿಕೊಳ್ಳಬೇಕು. ಮೊದಲ ಆರು ತಿಂಗಳು ಒಂದೇ ರಕ್ತವನ್ನು ಇಲ್ಲಿಯೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೂ ನೋಡಿ ತಾಳೆ ಹಾಕಲಿ. 1973ರಿಂದ ಕ್ಯಾನ್ಸರ್ ರೋಗಿಗಳನ್ನು ನೋಡುತ್ತಿರುವ ಸಂಸ್ಥೆ ಅದು. ಅಲ್ಲಿಯವರು ಬಂದು ನಮ್ಮ ತಂತ್ರಜ್ಞರಿಗೆ ಹೇಳಿಕೊಡಲಿ. ಈ ಹೆಜ್ಜೆ ಬಿಟ್ಟು ಆತುರ ಪಡಬಾರದು. ತಪ್ಪು ಸಂಖ್ಯೆ ಕೊಡುವುದಕ್ಕಿಂತ ಕೊಡದೇ ಇರುವುದು ವಾಸಿ.

ರೋಗಿಗಳು ಎಷ್ಟಿದ್ದಾರೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಸಿಎಂಎಲ್ ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ. 2011ರ ಜನಗಣತಿಯ ಪ್ರಕಾರ ಹಾಸನ, ಚಿಕ್ಕಮಗಳೂರು ಎರಡೂ ಸೇರಿ 29 ಲಕ್ಷ ಜನ. ಅಂದರೆ ವರ್ಷಕ್ಕೆ 30ರಿಂದ 60 ಹೊಸಬರು ಎಂದು ಅಂದಾಜು ಮಾಡಬಹುದು. ಕಡಿಮೆ ಅನ್ನಿಸುತ್ತದೆ. ಆದರೆ ಮಾತ್ರೆ ಇರುವುದರಿಂದ ಇವರು ಬದುಕುತ್ತಾರೆ, ಹತ್ತು ವರ್ಷ, ಇಪ್ಪತ್ತು ವರ್ಷ. ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ 60ರ ಆಸುಪಾಸಿನವರಿಗೆ ಬರುತ್ತದೆ. ನಮ್ಮಲ್ಲಿ 30, 40ರ ವಯಸ್ಸಿನವರೇ ಜಾಸ್ತಿ. ತೋಟದ ಕೆಲಸಕ್ಕೆ ಹೋಗುವವರು, ಮಕ್ಕಳನ್ನು ಶಾಲೆಗೆ ಕಳಿಸುವವರು. ಎರಡೂ ಜಿಲ್ಲೆಗೆ ಹಾಸನದಲ್ಲಿ ವಾರಕ್ಕೆ ಒಂದು ದಿನ ಈ ಪರೀಕ್ಷೆ ಇಟ್ಟರೆ ಸದ್ಯಕ್ಕೆ ಸಾಕು. ಮೂಡಿಗೆರೆಯವರು ಬೆಳಿಗ್ಗೆ ಬಂದು ಸಂಜೆಗೆ ಮನೆ ಸೇರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ ಇಮಾಟಿನಿಬ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ 2015ರಲ್ಲಿ ಸೇರಿಸಿತು. ಬಿಸಿಆರ್-ಎಬಿಎಲ್ ಪರೀಕ್ಷೆಯನ್ನು ಅಗತ್ಯ ಪರೀಕ್ಷೆಗಳ ಪಟ್ಟಿಗೆ 2019ರಲ್ಲಿ ಸೇರಿಸಿತು. ಎರಡೂ ಜೋಡಿ. ಒಂದನ್ನು ಕೊಟ್ಟು ಇನ್ನೊಂದನ್ನು ಬಿಡಲಾಗದು.

2025ರಲ್ಲಿ ನಮ್ಮ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಶುರುಮಾಡಿದಿರಿ. ತುಂಬಾ ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಅದೇ ವರ್ಷ ಹಾಸನದ ಹೃದಯಾಘಾತದ ಸುದ್ದಿಗೆ ಇಡೀ ಜಿಲ್ಲೆ ಹೆದರಿದಾಗ ಸರ್ಕಾರ ತಡ ಮಾಡದೆ ತಜ್ಞರ ಸಮಿತಿ ಮಾಡಿತು. ಮನಸ್ಸು ಮಾಡಿದರೆ ಬೇಗ ಆಗುತ್ತದೆ ಎಂದು ನಮಗೆ ಗೊತ್ತಿದೆ. ಸಿಎಂಎಲ್ ರೋಗಿಗಳು ಸುದ್ದಿಯಾಗುವುದಿಲ್ಲ. ನೋಡಲು ಚೆನ್ನಾಗಿಯೇ ಇರುತ್ತಾರೆ. ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತಿದ್ದರೂ ಗೊತ್ತಾಗುವುದಿಲ್ಲ.

ಇದನ್ನು ಓದುತ್ತಿರುವ ನಮ್ಮ ಜಿಲ್ಲೆಯ ಸಿಎಂಎಲ್ ರೋಗಿಗಳಿಗೆ ಒಂದು ಮಾತು. ವ್ಯವಸ್ಥೆ ಬರುವವರೆಗೆ ಕಾಯಬೇಡಿ. ಎಷ್ಟೇ ಕಷ್ಟವಾದರೂ ಪರೀಕ್ಷೆ ತಪ್ಪಿಸಬೇಡಿ. ನಿಮ್ಮ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ಮಾತ್ರೆಯಿಂದ ತೊಂದರೆ ಆಗುತ್ತಿದ್ದರೆ ನೀವಾಗಿಯೇ ಬಿಡಬೇಡಿ, ಡಾಕ್ಟರಿಗೆ ಹೇಳಿ. ಊತಕ್ಕೂ ದಾರಿ ಇದೆ, ಕಾಲು ಹಿಡಿದುಕೊಳ್ಳುವುದಕ್ಕೂ ದಾರಿ ಇದೆ. ಬೇರೆ ಮಾತ್ರೆಯೂ ಇದೆ. ಮತ್ತೆ, ಯಾರದ್ದಾದರೂ ಮುಖ ಊದಿದ್ದು ಕಂಡರೆ ಎಲ್ಲರೆದುರು ಕೇಳಬೇಡಿ ಎಂದು ಉಳಿದವರಲ್ಲಿ ಬೇಡಿಕೊಳ್ಳುತ್ತೇನೆ.

ಕೊನೆಯದಾಗಿ ಒಂದು ವಿಷಯ, ಹೇಳಲೋ ಬೇಡವೋ ಎಂದು ಯೋಚಿಸಿ ಅವಳನ್ನೇ ಕೇಳಿ ಬರೆಯುತ್ತಿದ್ದೇನೆ. ನನ್ನ ತಂಗಿಗೆ ಮಗು ಬೇಕು. ಈ ಮಾತ್ರೆಗಳನ್ನು ನುಂಗುತ್ತಾ ಬಸುರಿ ಆಗುವ ಹಾಗಿಲ್ಲ, ಮಗುವಿಗೆ ಅಪಾಯ. ಆದರೆ ಲೆಕ್ಕ ತುಂಬಾ ಕೆಳಗೆ ಇಳಿದು ವರ್ಷಗಟ್ಟಲೆ ಅಲ್ಲೇ ನಿಂತವರಿಗೆ, ಡಾಕ್ಟರ ನಿಗಾದಲ್ಲಿ, ಮಾತ್ರೆ ನಿಲ್ಲಿಸಿ ನೋಡಬಹುದು. 2010ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನದಲ್ಲಿ ಹಾಗೆ ನಿಲ್ಲಿಸಿದವರಲ್ಲಿ ನೂರಕ್ಕೆ ಸುಮಾರು 40 ಜನರಿಗೆ ಕಾಯಿಲೆ ಮರಳಲಿಲ್ಲ. ಮರಳಿದವರಿಗೂ ಮತ್ತೆ ಮಾತ್ರೆ ಶುರುಮಾಡಿದಾಗ ಲೆಕ್ಕ ಇಳಿಯಿತು. ಇದಕ್ಕೆ ಒಂದೇ ಷರತ್ತು. ಮಾತ್ರೆ ನಿಲ್ಲಿಸಿದ ಮೊದಲ ಆರು ತಿಂಗಳು, ವರ್ಷ, ಪ್ರತಿ ತಿಂಗಳೂ ಪಿಸಿಆರ್ ಆಗಬೇಕು. ಒಂದು ತಿಂಗಳೂ ತಪ್ಪುವ ಹಾಗಿಲ್ಲ.

ಅವಳ ಡಾಕ್ಟರು ಹೇಳಿದ್ದಾರೆ, ಇನ್ನು ಎರಡು ಮೂರು ವರ್ಷ ಲೆಕ್ಕ ಹೀಗೇ ನಿಂತರೆ ಯೋಚಿಸೋಣ ಅಂತ. ಆಗ ಅವಳಿಗೆ 33, 34 ಆಗಿರುತ್ತದೆ. ತಿಂಗಳು ತಿಂಗಳು ರೈಲು ಹತ್ತಿ ಬೆಂಗಳೂರಿಗೆ ಹೋಗುವುದೋ, ಬೆಳಿಗ್ಗೆ ಹಾಸನದ ಬಸ್ಸಿಗೆ ಹತ್ತಿ ರಕ್ತ ಕೊಟ್ಟು ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಬರುವುದೋ ಎಂಬುದು ನಿಮ್ಮ ಒಂದು ಆದೇಶದಲ್ಲಿ ಇದೆ. ಅವಳ ಮುಂದಿನ ಪರೀಕ್ಷೆ ಬರುವ ತಿಂಗಳು. ಈ ಸಲ ಜೊತೆಗೆ ನಾನೇ ಹೋಗುತ್ತಿದ್ದೇನೆ. ಯಂತ್ರ, ಕಾರ್ಟ್ರಿಜ್, ತರಬೇತಿ, ತಾಳೆ ನೋಡುವ ಕ್ರಮ, ಯಾವುದರ ವಿವರ ಬೇಕಿದ್ದರೂ ನಿಮ್ಮ ಅಧಿಕಾರಿಗಳ ಜೊತೆ ಕೂತು ಬರೆದುಕೊಡಲು ತಯಾರಿದ್ದೇನೆ. ಕರೆದ ದಿನ ಬರುತ್ತೇನೆ.

ಇಂತಿ,
ಅರಸೀಕೆರೆ ತಾಲ್ಲೂಕಿನ ಒಬ್ಬ ಜೀವಶಾಸ್ತ್ರ ಸಂಶೋಧಕಿ